ದ್ವಿಚಕ್ರ ವಾಹನದ ಟಯರು: ಹಿಡಿತ, ಸವೆತ ಮತ್ತು ಬೆಲೆ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೊಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ನೆನಪುಗಳಿಗಿಂತ ಉಪಯೋಗಕ್ಕೆ ಬರುವ ಒಂದು ಪಾಠವನ್ನೇ ಬರೆಯುವುದು ಲೇಸೆಂದು ನನಗೆ ತೋರಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರು, ಮೈಸೂರು, ಕೊಯಮತ್ತೂರುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಹಬ್ಬಹರಿದಿನಗಳಿಗೆ ದೊಡ್ಡ ಮೋಟಾರ್ ಸೈಕಲ್ಲುಗಳಲ್ಲಿ ತಾಳವಾಡಿಗೆ ಬರುತ್ತಾರೆ. ಎಂಜಿನ್ನಿನ ಶಕ್ತಿ, ಮೈಲೇಜುಗಳ ಬಗ್ಗೆ ಉತ್ಸಾಹದಿಂದ ಮಾತನಾಡುತ್ತಾರೆ. ಟಯರಿನ ಮಾತು ಬಂದಾಗ ಮಾತ್ರ ‘ಯಾವುದು ಅಗ್ಗ?’ ಎಂಬಲ್ಲಿಗೆ ವಿಚಾರ ಮುಗಿಯುತ್ತದೆ. ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಬಣ್ಣಾರಿ ಸೇರಬೇಕಾದವರಿಗೆ ಈ ವಿಚಾರವು ಅಷ್ಟಕ್ಕೇ ಮುಗಿಯತಕ್ಕದ್ದಲ್ಲ.

ಹಿಡಿತ

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ಕಂಡುಕೊಂಡನು. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದನು. ಅಂದಿನಿಂದ ಇಂದಿನವರೆಗೆ ಎಷ್ಟೇ ಸುಧಾರಣೆಗಳಾಗಿದ್ದರೂ ಒಂದು ಸಂಗತಿ ಬದಲಾಗಿಲ್ಲ. ಸವಾರನ ಪ್ರಾಣವು ರಸ್ತೆಗೆ ತಾಗುವ, ಅಂಗೈಯಗಲದ ಎರಡು ರಬ್ಬರಿನ ತುಣುಕುಗಳ ಮೇಲೆ ನಿಂತಿರುತ್ತದೆ.

ತಿರುವಿನಲ್ಲಿ ವಾಹನವನ್ನು ಒಳಮುಖವಾಗಿ ಎಳೆಯುವ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ಟಯರಿನ ಘರ್ಷಣೆಯೇ. ಬೇಕಾಗುವ ಘರ್ಷಣಾ ಗುಣಾಂಕವನ್ನು ತಿಳಿಯಲು ವೇಗದ ವರ್ಗವನ್ನು, ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಬೇಕು. ತ್ರಿಜ್ಯ 15 ಮೀಟರ್ ಇರುವ, ಸಮತಟ್ಟಾದ ಒಂದು ತಿರುವನ್ನು ತೆಗೆದುಕೊಳ್ಳೋಣ. ಗಂಟೆಗೆ 27 ಕಿ.ಮೀ. ಎಂದರೆ ಸೆಕೆಂಡಿಗೆ 7.5 ಮೀಟರ್. ಆಗ ಬೇಕಾಗುವ ಗುಣಾಂಕ 0.38. ವೇಗವನ್ನು 36 ಕಿ.ಮೀ.ಗೆ ಏರಿಸಿದರೆ ಅದು 0.68 ಆಗುತ್ತದೆ. ವೇಗ ಹೆಚ್ಚಿದ್ದು ಮೂರನೆಯ ಒಂದು ಪಾಲು ಮಾತ್ರ, ಬೇಡಿಕೆಯಾದರೋ ಸುಮಾರು ಎರಡು ಪಟ್ಟಿನ ಹತ್ತಿರ ಹೋಯಿತು. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಉತ್ತಮ ಟಯರಿನ ಗುಣಾಂಕ ಸುಮಾರು 1ರಷ್ಟಿರುತ್ತದೆ. ಮಳೆ ನೀರು, ಮರಳು, ಲಾರಿಯಿಂದ ಸೋರಿದ ಎಣ್ಣೆ ಇವು ಸೇರಿದಲ್ಲಿ ಬಹಳವಾಗಿ ಇಳಿಯುತ್ತದೆ.

ಇನ್ನೊಂದು ಮಾತನ್ನು ನೆನಪಿಡಬೇಕು. ಹಿಡಿತವೆಂಬುದು ಒಂದೇ ಗಂಟಿನ ಹಣವಿದ್ದಂತೆ. ಬ್ರೇಕಿಗೂ ಅದರಿಂದಲೇ ಖರ್ಚು, ತಿರುವಿಗೂ ಅದರಿಂದಲೇ ಖರ್ಚು. ತಿರುವಿನ ನಡುವೆ ಗಾಬರಿಯಿಂದ ಬ್ರೇಕು ಒತ್ತಿದವನು ಗಂಟನ್ನು ಒಮ್ಮೆಲೇ ಬರಿದು ಮಾಡುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳಿದ್ದು ಘಾಟಿ ರಸ್ತೆಗೂ ಸಲ್ಲುತ್ತದೆ.

ಸವೆತ

ಮೆತ್ತನೆಯ ರಬ್ಬರು ರಸ್ತೆಯ ಜಲ್ಲಿಕಲ್ಲಿನ ಸಂದುಗಳಿಗೆ ಚೆನ್ನಾಗಿ ಅಂಟಿಕೊಂಡು ಹಿಡಿತವನ್ನು ಕೊಡುತ್ತದೆ, ಆದರೆ ಬೇಗ ಸವೆಯುತ್ತದೆ. ಗಡುಸಾದ ರಬ್ಬರು ಬಹುಕಾಲ ಬಾಳುತ್ತದೆ, ಆದರೆ ಜಾರುವ ಸಂಭವ ಹೆಚ್ಚು. ಪಂದ್ಯದ ಬೈಕಿನ ಟಯರು ಮೊದಲನೆಯದಕ್ಕೆ ನಿದರ್ಶನ, ಭಾರದ ಪ್ರವಾಸದ ಟಯರು ಎರಡನೆಯದಕ್ಕೆ. ಇವೆರಡರ ನಡುವಿನದೇ ‘ಸ್ಪೋರ್ಟ್ ಟೂರಿಂಗ್’ ವರ್ಗ.

ನಮ್ಮವರಿಗೆ ಈ ವರ್ಗವು ಒಪ್ಪುವುದಕ್ಕೆ ಕಾರಣವುಂಟು. ನೇರವಾದ ಹೆದ್ದಾರಿಯಲ್ಲಿ ಓಡಿದಷ್ಟೂ ಹಿಂದಿನ ಟಯರಿನ ನಡುಭಾಗ ಸವೆದು ಚಪ್ಪಟೆಯಾಗುತ್ತದೆ. ಘಾಟಿಯಲ್ಲಿ ಬೈಕು ವಾಲಿದಾಗ ಕೆಲಸಕ್ಕೆ ಬರುವುದು ಅಂಚಿನ ಭಾಗ. ಚಪ್ಪಟೆಯಾದ ಟಯರು ನಡುವಿನಿಂದ ಅಂಚಿಗೆ ಸರಾಗವಾಗಿ ಹೊರಳದೆ ಸವಾರನನ್ನು ತಬ್ಬಿಬ್ಬುಗೊಳಿಸುತ್ತದೆ. ಆದುದರಿಂದಲೇ ಈ ವರ್ಗದ ಹಲವು ಟಯರುಗಳಲ್ಲಿ ನಡುವೆ ಗಡುಸು ರಬ್ಬರನ್ನೂ ಅಂಚುಗಳಲ್ಲಿ ಮೆತ್ತನೆಯ ರಬ್ಬರನ್ನೂ ಕೂಡಿಸುತ್ತಾರೆ. ಒದ್ದೆ ರಸ್ತೆಯ ಹಿಡಿತಕ್ಕಾಗಿ ರಬ್ಬರಿನಲ್ಲಿ ಸಿಲಿಕಾ ಬೆರೆಸುತ್ತಾರೆ. ಮಿಷೆಲಿನ್ ರೋಡ್ 6, ಪಿರೆಲ್ಲಿ ಏಂಜೆಲ್ ಜಿಟಿ 2, ಮೆಟ್ಸೆಲರ್ ರೋಡ್‌ಟೆಕ್ 01 ಇವು ಈ ವರ್ಗದ ವಿದೇಶೀ ಹೆಸರುಗಳು. ಮಧುರೆಯಲ್ಲಿ ಕಾರ್ಖಾನೆಯುಳ್ಳ ಟಿವಿಎಸ್ ಯೂರೋಗ್ರಿಪ್‌ನ ರೋಡ್‌ಹೌಂಡ್ ನಮ್ಮ ದೇಶದ್ದು.

ಬೆಲೆ

ಅಂಗಡಿಯವನು ಹೇಳುವುದು ಬೆಲೆಯ ಅರ್ಧ ಮಾತ್ರ. ಉಳಿದರ್ಧ ಟಯರು ಎಷ್ಟು ದೂರ ಓಡುತ್ತದೆಂಬುದು. ಲೆಕ್ಕಕ್ಕಾಗಿ ಕಲ್ಪಿಸಿದ ಅಂಕಿಗಳನ್ನು ನೋಡಿರಿ. 6,000 ರೂಪಾಯಿಯ ಟಯರು 10,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 60 ಪೈಸೆ. 9,000 ರೂಪಾಯಿಯದು 18,000 ಕಿ.ಮೀ. ಓಡಿದರೆ 50 ಪೈಸೆ. 12,000 ರೂಪಾಯಿಯ ಮೆತ್ತನೆಯ ಟಯರು 12,000 ಕಿ.ಮೀ.ಗೇ ಸವೆದರೆ ಒಂದು ರೂಪಾಯಿ. ಇಲ್ಲಿ ದುಬಾರಿಯೆಂದು ತೋರಿದ ಎರಡನೆಯದೇ ಅಗ್ಗ. ಆದರೆ ಈ ಭಾಗಾಕಾರವನ್ನು ಮಾಡಬೇಕಾದುದು ಮಳೆಯಲ್ಲಿ ಸಾಕಷ್ಟು ಹಿಡಿತವುಳ್ಳ ಟಯರುಗಳ ನಡುವೆ ಮಾತ್ರ. ಹಿಡಿತವಿಲ್ಲದ ಟಯರು ಎಷ್ಟು ದೂರ ಓಡಿದರೂ ಅಗ್ಗವಲ್ಲ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಟಯರಿನ ಪಕ್ಕದ ಬರಹವನ್ನು ಓದಿರಿ. ‘150/60 ಆರ್ 17 66ಎಚ್’ ಎಂದಿದ್ದರೆ ಅಗಲ 150 ಮಿ.ಮೀ., ಎತ್ತರ ಅದರ ಶೇ. 60 ಅಂದರೆ 90 ಮಿ.ಮೀ., ರೇಡಿಯಲ್ ರಚನೆ, ರಿಮ್ಮಿನ ವ್ಯಾಸ 17 ಅಂಗುಲ, ಹೊರಬಹುದಾದ ಭಾರ 300 ಕಿಲೋ, ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಎಂದರ್ಥ. ವಾಹನದ ಕೈಪಿಡಿ ಹೇಳಿದ ಅಳತೆಯನ್ನು ಬಿಟ್ಟು ಅಂದಕ್ಕಾಗಿ ಅಗಲವಾದುದನ್ನು ಹಾಕಿಸಬೇಡಿ.

2. ತಯಾರಿಕೆಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ. ‘2324’ ಎಂದರೆ 2024ರ 23ನೆಯ ವಾರ. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕುಳಿತ ಟಯರಿನ ರಬ್ಬರು ಸವೆಯದೆಯೇ ಗಡುಸಾಗಿರುತ್ತದೆ. ರಿಯಾಯಿತಿಯ ಗುಟ್ಟು ಕೆಲವೊಮ್ಮೆ ಇಲ್ಲಿರುತ್ತದೆ.

3. ಮುಂದಿನ ಹಾಗೂ ಹಿಂದಿನ ಟಯರುಗಳು ಒಂದೇ ಜೋಡಿಯದಾಗಿದ್ದರೆ ಉತ್ತಮ. ತಿರುಗುವ ದಿಕ್ಕನ್ನು ತೋರಿಸುವ ಬಾಣದ ಗುರುತನ್ನು ಜೋಡಿಸುವಾಗ ನೋಡಿಕೊಳ್ಳಿರಿ.

4. ಗಾಳಿಯ ಒತ್ತಡವನ್ನು ಟಯರು ತಣ್ಣಗಿರುವಾಗಲೇ, ಹೊರಡುವ ಮುನ್ನ ಅಳೆಯಿರಿ. ಓಡಿದ ಮೇಲೆ ಒತ್ತಡ ಏರಿರುತ್ತದೆ.

5. ಹೊಸ ಟಯರಿನ ನುಣುಪು ಹೋಗುವವರೆಗೆ, ಸುಮಾರು 150 ಕಿ.ಮೀ. ದೂರ, ನಿಧಾನವಾಗಿ ಓಡಿಸಿರಿ.

6. ಗೀರುಗಳ ತಳದಲ್ಲಿ ಸವೆತವನ್ನು ಸೂಚಿಸುವ ಸಣ್ಣ ಉಬ್ಬುಗಳಿರುತ್ತವೆ. ಟಯರು ಆ ಮಟ್ಟಕ್ಕೆ ಬಂದಿತೆಂದರೆ ಅದರ ಆಯುಷ್ಯ ಮುಗಿಯಿತು. ‘ಇನ್ನೊಂದು ಮಳೆಗಾಲ ತಳ್ಳೋಣ’ ಎನ್ನಬೇಡಿ. ನೀರನ್ನು ಹೊರದೂಡುವ ಗೀರುಗಳೇ ಮಾಸಿದ ಮೇಲೆ ಮಳೆಗಾಲವೇ ಅತ್ಯಂತ ಅಪಾಯದ ಕಾಲ.

ಒಟ್ಟಿನಲ್ಲಿ ಹೇಳುವುದಾದರೆ, ನೀವು ಹೋಗುವ ಹಾದಿಯ ಅತ್ಯಂತ ಕಠಿಣ ತಿರುವನ್ನು ಮಳೆಯ ದಿನದಲ್ಲಿ ನೆನೆದು ಟಯರನ್ನು ಆರಿಸಿರಿ. ಆ ಬಳಿಕ ಸವೆತವನ್ನು, ಕಡೆಯಲ್ಲಿ ಬೆಲೆಯನ್ನು ನೋಡಿರಿ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಶಾಲೆಯ ಐವತ್ತು ವರ್ಷಗಳ ಮಕ್ಕಳೆಲ್ಲರೂ ಕ್ಷೇಮವಾಗಿ ಘಾಟಿಯನ್ನು ಹತ್ತಿ ಇಳಿಯಲಿ, ಮುಂದಿನ ಮಹೋತ್ಸವಗಳಿಗೂ ಮನೆಮಂದಿಯೊಡನೆ ಬಂದು ಸೇರಲಿ ಎಂದು ಹಾರೈಸುತ್ತೇನೆ.