ದಾಸಿಯ ಹೆಜ್ಜೆ, ಹಾಜಿಯ ಹೆಜ್ಜೆ

ಪ್ರಾಚೀನ ಕಾಲದಲ್ಲಿ ದಾಸಿಯು ಒಡತಿಯ ಸೊತ್ತಾಗಿದ್ದಳು. ಒಡತಿಗೆ ಮಕ್ಕಳಿಲ್ಲದಿದ್ದರೆ ಆಕೆಗಾಗಿ ಹೆತ್ತುಕೊಡುವುದೂ ಅವಳ ಪಾಲಿಗಿತ್ತು. ಬೈಬಲ್‌ನ ಪ್ರಕಾರ ಯಾಕೂಬರ(ಅ) 12 ಪುತ್ರರಲ್ಲಿ ನಾಲ್ವರು ಬಿಲ್ಹಾ, ಜಿಲ್ಪಾ ಎಂಬ ದಾಸಿಯರ ಮಕ್ಕಳು. ಹಾಜರಾರನ್ನೂ ಅದು ಸಾರಾರ ಈಜಿಪ್ಟಿನ ದಾಸಿಯೆನ್ನುತ್ತದೆ. ಅದರ ಆದಿಕಾಂಡದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವುದು ದೇವಚರರು ಮಾತ್ರ. ಮನೆಯವರ ಬಾಯಲ್ಲಿ ಬರುವುದು 'ದಾಸಿ' ಎಂದಷ್ಟೇ.

ಅಲ್ಲಾಹನು ಆಕೆಗೆ ಕೊಟ್ಟ ಸ್ಥಾನವನ್ನು ನೋಡಿರಿ. ಬಾಯಾರಿದ ಹಸುಳೆ ಇಸ್ಮಾಈಲರಿಗಾಗಿ(ಅ) ನೀರನ್ನರಸುತ್ತಾ ಆ ತಾಯಿ ಸಫಾ-ಮರ್ವಾಗಳ ನಡುವೆ 7 ಬಾರಿ ಓಡಿದರು. ಝಮ್‌ಝಮ್ ಚಿಮ್ಮಿತು. ಇಂದು ಅರಸನಾಗಲಿ ಆಳಾಗಲಿ, ಹಜ್ಜ್‌ಗೆ ಹೋದವರೆಲ್ಲರೂ ಅದೇ ಹಾದಿಯಲ್ಲಿ 7 ಬಾರಿ ನಡೆಯುತ್ತಾರೆ.

ಪ್ರಿಯ ಓದುಗರೇ, ನಿಮ್ಮ ಮನೆಗೆಲಸದಾಕೆಯ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ? ಆಳುಗಳು ನಿಮ್ಮ ಸಹೋದರರು, ನೀವುಣ್ಣುವುದನ್ನೇ ಅವರಿಗೂ ಉಣಿಸಬೇಕೆಂಬುದು ಪ್ರವಾದಿವರ್ಯರ(ಸ) ಆಜ್ಞೆ. ಇಂದಿನ ಊಟದಿಂದಲೇ ಅದನ್ನು ಪಾಲಿಸೋಣ.