ಹೊಳೆದಂಡೆಯ ಊರಲ್ಲಿ ವೈದ್ಯಕೀಯ ಸಂಶೋಧನೆ: ಕೆಲವು ಪಾಠಗಳು

ರಾಣೆಬೆನ್ನೂರು ತಾಲ್ಲೂಕಿನ ಐರಣಿ ಸುತ್ತಿನ ಹಳ್ಳಿಗಳಲ್ಲಿ ಗರ್ಭಿಣಿ, ಬಾಣಂತಿಯರ ಆರೋಗ್ಯದ ಮಾಹಿತಿ ಕೂಡಿಸುವುದು ನನ್ನ ಕೆಲಸ. ಅದರಿಂದ ಕಲಿತದ್ದಿಷ್ಟು.

1. ಮೊದಲು ಅಳೆಯಲು ಕಲಿಸಬೇಕು. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜಿನಲ್ಲಿ ಬರೆಯುವುದು ಹಳೆಯ ರೂಢಿ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ತಜ್ಞರು ಕೂಡಿ ಬಳಕೆಗೆ ತಂದದ್ದು ಒಂದು ಪ್ಲಾಸ್ಟಿಕ್ ಹಾಸು. ಮಗು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಹಾಸಿದರೆ ಅದರ ತುದಿಯ ಚೀಲದಲ್ಲಿ ರಕ್ತ ಇಳಿಯುತ್ತದೆ, ಮಿಲಿಲೀಟರ್ ಗೆರೆ ನೋಡಿ ಬರೆದುಕೊಂಡರಾಯಿತು. ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇರುತ್ತದೆಂದು ಗೊತ್ತಾದದ್ದು ಇದರಿಂದಲೇ. ಇದೇ ಹಾಸಿನಿಂದ ಅಳೆದು, ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆಣ್ಣುಮಕ್ಕಳ ಮೇಲೆ ನಡೆಸಿದ, ಹೆರಿಗೆಯ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಪ್ರಯೋಗದಲ್ಲಿ ಅತಿಯಾದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಮಾತ್ರೆ ನುಂಗಿಸಿದವರು, ರಕ್ತ ಅಳೆದವರು ದೊಡ್ಡ ಡಾಕ್ಟರುಗಳಲ್ಲ, ಎಎನ್‌ಎಂ ಸಿಸ್ಟರುಗಳು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಾತ್ರೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

2. ಸಾಕ್ಷಿ ಹೊರಗಿನವರಾಗಿರಲಿ. ಓದಲು ಬಾರದವರು ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ ಸಾಕ್ಷಿ ಇರಬೇಕು. ಅವಸರಕ್ಕೆ ಆಶಾ ಕಾರ್ಯಕರ್ತೆಯನ್ನೇ ಕೂರಿಸುವುದುಂಟು. ಅದೇ ಅಧ್ಯಯನದಿಂದ ಅವರಿಗೆ ಗೌರವಧನ ಬರುತ್ತಿದ್ದರೆ ಅದೆಂಥ ಸಾಕ್ಷಿ? ಅತ್ತೆಯನ್ನು ಕೇಳಿ ಹೇಳ್ತೀನ್ರೀ ಅಂದವಳಿಗೆ ಒಂದು ದಿನ ಬಿಡಿ. ಆದರೆ ಅತ್ತೆಯ 'ಹೂಂ' ಸೊಸೆಯ ಒಪ್ಪಿಗೆಯಲ್ಲ.

3. ಹೊಲ ನೋಡಿ ದಿನ ಗೊತ್ತುಮಾಡಿ. ನಮ್ಮ ತಾಲ್ಲೂಕು ಬೀಜೋತ್ಪಾದನೆಯದ್ದು. ಹತ್ತಿಯ ಕ್ರಾಸಿಂಗ್ ಶುರುವಾದರೆ ಬೆಳಗ್ಗೆ ಪರಾಗ ಮುಟ್ಟಿಸಬೇಕು, ಸಂಜೆ ಮರುದಿನದ ಮೊಗ್ಗು ಬಿಡಿಸಬೇಕು. ಬೆಳಗಿನ ಹತ್ತು ಗಂಟೆಗೆ ತೂಕ ನೋಡಲು ಹೋದರೆ ಮನೆಗೆ ಬೀಗ. ಇನ್ನು ಚೊಚ್ಚಲ ಹೆರಿಗೆ ತವರಲ್ಲೇ. ಐರಣಿಯ ಸೊಸೆ ತುಂಗಭದ್ರೆ ದಾಟಿದಳೆಂದರೆ ಜಿಲ್ಲೆಯೇ ಬೇರೆ. ಅವಳನ್ನು 'ಕೈತಪ್ಪಿದವರು' ಎಂಬ ಲೆಕ್ಕಕ್ಕೆ ಹಾಕುವ ಮುನ್ನ ತವರಿನ ಫೋನ್ ನಂಬರ್ ಬರೆದುಕೊಂಡಿದ್ದೀರಾ ನೋಡಿ. ಸೇರ್ಪಡೆಯ ದಿನವೇ ಕೇಳಬೇಕಾದದ್ದು ಅದು.

4. ಲೆಕ್ಕವನ್ನೂ ಇಲ್ಲಿಯವರೇ ಮಾಡಲಿ. ಮಾಹಿತಿ ಇಲ್ಲಿಂದ, ವಿಶ್ಲೇಷಣೆ ಹೊರದೇಶದಲ್ಲಿ ಎಂದಾದರೆ ನಾವು ಕೂಲಿಯವರಾಗಿಯೇ ಉಳಿಯುತ್ತೇವೆ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ನಂಟಿನಲ್ಲಿ ಬೆಳೆದು, ಹೃದ್ರೋಗ ತಡೆಗೆಂದು ಹಲವು ಔಷಧ ಕೂಡಿಸಿದ 'ಪಾಲಿಕ್ಯಾಪ್' ಗುಳಿಗೆಯ ಪ್ರಯೋಗವನ್ನು ದೇಶದ 50 ಕೇಂದ್ರಗಳಲ್ಲಿ ಇಲ್ಲಿಂದಲೇ ನಡೆಸಿದರು. ಅದರ ಫಲಿತಾಂಶ ಹೊರಬಂದದ್ದು 2009ರಲ್ಲಿ.

5. ತಂಡವನ್ನು ಉಳಿಸಿಕೊಳ್ಳಿ. ಅನುದಾನ ಮುಗಿದೊಡನೆ ತರಬೇತಾದ ಹುಡುಗಿಯರು ಬಟ್ಟೆ ಅಂಗಡಿ ಸೇರುತ್ತಾರೆ, ಮುಂದಿನ ಯೋಜನೆ ಮತ್ತೆ ಅ ಆ ಇ ಈಯಿಂದ. ಬೆಳಗಾವಿಯ ತಂಡ ಗಟ್ಟಿಯಾದದ್ದು 2001ರಿಂದ ಒಂದರ ಹಿಂದೊಂದು ಅಧ್ಯಯನ ಬಂದು ಜನ ಉಳಿದದ್ದರಿಂದ. ಈಗ ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಯವರು ಹೊರದೇಶದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಯೋಜನೆ ಮುಗಿದ ಮರುವರ್ಷ ಈ ಹುಡುಗಿಯರ ಸಂಬಳ ಯಾರು ಕೊಡುತ್ತಾರೆಂದು ಕೇಳಿ, ಅದನ್ನೂ ಬರೆಸಿಕೊಳ್ಳಲಿ.