ಫ್ರೀಜರಿನಲ್ಲಿ ಎರಡು ದಿನದ ಹಾಲು

ಎದೆಹಾಲು ತೆಗೆದು ಫ್ರೀಜರಿನಲ್ಲಿಡುವುದು ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಾತ್ರ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ನಾನು ಶುರು ಮಾಡಿದ್ದೂ ಅದಕ್ಕಾಗಿಯೇ. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ ಬಂತು, ನಿಜ. ಆದರೆ ಅದರಲ್ಲಿ ಕೆಲವು ವಾರ ಹೆರಿಗೆಗೆ ಮುಂಚೆಯೇ ಮುಗಿದಿರುತ್ತವೆ. ಆರು ತಿಂಗಳು ಬರೀ ಎದೆಹಾಲು ಎನ್ನುವ ಡಾಕ್ಟರ ಮಾತಿಗೂ ಉಳಿದ ರಜೆಗೂ ತಾಳೆಯಾಗುವುದಿಲ್ಲ. ಹಾಗಾಗಿ ಬೆಳಗಿನ ಜಾವ ಮಗಳು ಒಂದು ಕಡೆ ಕುಡಿದು ಮಲಗಿದ ಮೇಲೆ, ಇನ್ನೊಂದು ಕಡೆಯ ಹಾಲನ್ನು ಪಂಪಿನಿಂದ ತೆಗೆದಿಡುತ್ತಿದ್ದೆ.

ಅತ್ತೆಗೆ ಅದು ಒಪ್ಪಿಗೆಯಿರಲಿಲ್ಲ. "ಮಗೂಗೆ ತಂಗಳು ಹಾಲು ಕೊಡೋದೇನಮ್ಮ?" ಎಂದಿದ್ದರು. ನಾನು ವಾದ ಮಾಡಲಿಲ್ಲ. ಪ್ಯಾಕೆಟ್ಟಿನ ಮೇಲೆ ತಾರೀಖು ಬರೆದು ಒಳಗಿಡುತ್ತಾ ಹೋದೆ.

ಆಫೀಸಿಗೆ ಹೋಗುವ ದಿನ ಬರುವ ಮೊದಲೇ ಆ ಹಾಲು ಬೇಕಾಯಿತು. ಒಂದು ರಾತ್ರಿ ಹೊಟ್ಟೆನೋವು ತಡೆಯಲಾರದೆ ಆಸ್ಪತ್ರೆಗೆ ಹೋದರೆ ಅಪೆಂಡಿಕ್ಸ್, ತಕ್ಷಣ ಆಪರೇಷನ್ ಆಗಬೇಕೆಂದರು. ಅರಿವಳಿಕೆ ಇಳಿದು ಪೂರ್ತಿ ಎಚ್ಚರವಾದ ಮೇಲೆ ಸಾಮಾನ್ಯವಾಗಿ ಹಾಲೂಡಿಸಬಹುದು. ಆದರೆ ವಾರ್ಡಿನೊಳಗೆ ಹಸುಗೂಸನ್ನು ಬಿಡಲಿಲ್ಲ. ಮನೆಯಲ್ಲಿ ಅತ್ತೆ, ನನ್ನ ಗಂಡ, ಬಾಟಲಿಯನ್ನು ಬಾಯಿಗೇ ತಗೊಳ್ಳದ ಮಗಳು. ಫ್ರೀಜರಿನಲ್ಲಿ ಹಾಲಿದೆ ಎನ್ನುವುದೊಂದೇ ನನಗೆ ಆಗ ಧೈರ್ಯ.

ಡಿಸ್ಚಾರ್ಜ್ ಆಗಿ ಬಂದು ಮಲಗಿದಾಗ, ಅತ್ತೆ ಅಷ್ಟರಲ್ಲಿ ಕಲಿತಿದ್ದ ಕೆಲಸವನ್ನು ಕಣ್ಣಾರೆ ನೋಡಿದೆ. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗಿಳಿಸಿದ್ದ ಪ್ಯಾಕೆಟ್ಟನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟರು. ತೆಳ್ಳಗಿನ ನೀಲಿಛಾಯೆಯ ಹಾಲಿನ ಮೇಲೆ ಹಳದಿ ಕೆನೆ ಬೇರೆಯಾಗಿ ನಿಂತಿತ್ತು. ಕೆಟ್ಟಿದೆಯೆಂದು ಚೆಲ್ಲಬಾರದು, ಮೆಲ್ಲಗೆ ಅಲ್ಲಾಡಿಸಿದರೆ ಬೆರೆಯುತ್ತದೆ. ಹಾಗೇ ಅಲ್ಲಾಡಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿ, ತಮ್ಮ ಕಾಲದ ಬೆಳ್ಳಿ ಒಳಲೆಗೆ ಸುರಿದರು. ಮಗಳು ಅದರ ಮೂತಿಯಿಂದ ಸದ್ದು ಮಾಡಿಕೊಂಡು ಕುಡಿದಳು. ತಂಗಳೆಂಬ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಮಗು ಮನೆಯಲ್ಲಿ ದಾಸ್ತಾನಿನ ಹಾಲು ಕುಡಿಯುವಾಗ ತಾಯಿ ಆಸ್ಪತ್ರೆಯಲ್ಲೂ ಹಾಲು ತೆಗೆಯುತ್ತಲೇ ಇರಬೇಕು. ಇಲ್ಲವಾದರೆ ಎದೆ ಕಟ್ಟಿ ಕಲ್ಲಾಗುತ್ತದೆ, ಬಾವು ಬರಬಹುದು, ದಿನ ಕಳೆದಂತೆ ಹಾಲೂ ತಗ್ಗುತ್ತದೆ. ಹೊಲಿಗೆಯ ನೋವಿನಲ್ಲಿ ಎದ್ದು ಕೂರುವುದು ಕಷ್ಟವೇ. ಒಬ್ಬ ನರ್ಸ್ ಬೆನ್ನಿಗೆ ದಿಂಬು ಕೊಟ್ಟು, ಪರದೆ ಎಳೆದು, ಕೈಯಿಂದ ಹಿಂಡುವುದನ್ನು ತೋರಿಸಿಕೊಟ್ಟರು. ಅವರ ಉಪಕಾರ ದೊಡ್ಡದು.

ಎಷ್ಟು ಕೂಡಿಡಬೇಕು ಎಂದು ಈಗ ಗೆಳತಿಯರು ಕೇಳುತ್ತಾರೆ. ಫ್ರೀಜರ್ ತುಂಬಾ ಹಾಲು ಜೋಡಿಸಿದ ಫೋಟೋಗಳನ್ನು ನೋಡಿ ಎಷ್ಟೋ ಹೊಸ ತಾಯಂದಿರು ಕಂಗಾಲಾಗುತ್ತಾರೆ. ಅಷ್ಟು ಬೇಕಿಲ್ಲ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಕುಡಿಯುತ್ತದೆ. ಎರಡು ದಿನಕ್ಕಾಗುವಷ್ಟಿದ್ದರೆ ಜ್ವರವೋ ಆಪರೇಷನ್ನೋ ಊರಲ್ಲಿ ಸಾವೋ ಬಂದಾಗ ಮನೆ ನಡೆಯುತ್ತದೆ. 60 ಮಿಲಿಲೀಟರಿನ ಸಣ್ಣ ಪ್ಯಾಕೆಟ್ ಮಾಡಿದರೆ ಚೆಲ್ಲುವುದು ಕಡಿಮೆ. ಹೆಪ್ಪುಗಟ್ಟಿದಾಗ ಹಾಲು ಹಿಗ್ಗುವುದರಿಂದ ಮೇಲೆ ಸ್ವಲ್ಪ ಜಾಗ ಬಿಡಬೇಕು. ಫ್ರೀಜರಿನಲ್ಲಿ ಆರು ತಿಂಗಳು ಚೆನ್ನಾಗಿರುತ್ತದೆ. ಪೂರ್ತಿ ಕರಗಿದ ಹಾಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರೀಜರಿಗೆ ಹಾಕಬಾರದು. ಕೆಲವರ ಹಾಲಿಗೆ ಸೋಪಿನ ವಾಸನೆ ಬರುತ್ತದೆ. ಅದು ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವದ ಕೆಲಸ, ಮಗುವಿಗೆ ತೊಂದರೆಯಿಲ್ಲ.

ನಮ್ಮ ಕಡೆ ನಿಜವಾದ ಶತ್ರು ಕರೆಂಟು. ಇನ್ವರ್ಟರಿಗೆ ಫ್ರಿಜ್ ಸೇರಿಸಿರುವುದಿಲ್ಲ. ಹಾಗಾಗಿ ಪ್ಯಾಕೆಟ್ಟುಗಳನ್ನು ಬಾಗಿಲಿನ ಹತ್ತಿರ ಇಡದೆ ಹಿಂಬದಿಗೆ ಒತ್ತಿ, ಸುತ್ತ ಐಸ್ ಡಬ್ಬಿಗಳನ್ನು ತುಂಬಿಸಿಟ್ಟಿದ್ದೆ. ಕರೆಂಟು ಹೋದಾಗ ಯಾರೂ ಬಾಗಿಲು ತೆಗೆಯುವಂತಿರಲಿಲ್ಲ. ಹಾಲಿನಲ್ಲಿ ಇನ್ನೂ ಐಸಿನ ಹರಳುಗಳಿದ್ದರೆ ಅದನ್ನು ಮತ್ತೆ ಹೆಪ್ಪುಗಟ್ಟಿಸಬಹುದು.

ಮಗಳು ಆರು ತಿಂಗಳು ದಾಟಿ ರಾಗಿ ಸರಿ ತಿನ್ನತೊಡಗಿದಾಗ ಇನ್ನೂ ಒಂದಷ್ಟು ಪ್ಯಾಕೆಟ್ ಉಳಿದಿದ್ದವು. ಸರಿಯನ್ನು ಗಟ್ಟಿಯಾಗಿ ಕಾಯಿಸಿ, ಆರಿದ ಮೇಲೆ ಅತ್ತೆ ಅದಕ್ಕೆ ಈ ಹಾಲನ್ನೇ ಬೆರೆಸಿ ಸಡಿಲ ಮಾಡುತ್ತಿದ್ದರು. ಹಳೆಯ ತಾರೀಖಿನದು ಮೊದಲು ಖರ್ಚಾಗಬೇಕೆಂದು ಪ್ಯಾಕೆಟ್ ತೆಗೆಯುವ ಮುಂಚೆ ಕನ್ನಡಕ ಹಾಕಿಕೊಂಡು ಓದುತ್ತಿದ್ದವರೂ ಅವರೇ.